ಸುಂದರಿಯ ನಂಬರಿನ ಅಳತೆ

ಹೊಸಂಗಡಿಯ ಟೈಲರ್ ಲೋಕನಾಥನ ಸಂಸಾರ ಕೆಟ್ಟದ್ದು ಹತ್ತು ಅಂಕೆಗಳಿಂದ. ರೇಷನ್ ಕಾರ್ಡಿನ ಕೆಲಸಕ್ಕೆ ಗಂಡಹೆಂಡತಿ ಸರಕಾರಿ ಅರ್ಜಿ ತುಂಬಿಸುವ ಅಕ್ಷಯ ಕೇಂದ್ರಕ್ಕೆ ಹೋಗಿದ್ದಾಗ ಅಲ್ಲಿಯ ಹುಡುಗಿ, "ಹೆಂಡತಿಯ ಮೊಬೈಲ್ ನಂಬರ್?" ಎಂದಳು. ಊರಿನ ಅರ್ಧ ಜನರ ಎದೆ, ಸೊಂಟ, ತೋಳುಗಳ ಅಳತೆಯನ್ನು ಚೀಟಿ ನೋಡದೆ ಹೇಳಬಲ್ಲ ಲೋಕನಾಥ ಜೇಬಿನಿಂದ ಫೋನು ತೆಗೆದು ಹುಡುಕತೊಡಗಿದ. ಪಕ್ಕದಲ್ಲೇ ಇದ್ದ ಸುಂದರಿ ಬೇಕೆಂದೇ ಬಾಯಿ ಬಿಡಲಿಲ್ಲ. ಫೋನಿನಲ್ಲಿ ಅವಳ ಹೆಸರೂ ಇರಲಿಲ್ಲ, 'ಮನೆ' ಎಂದಿತ್ತು.

ಮರುದಿನವೇ ಅವಳು ಮಂಗಲ್ಪಾಡಿಯ ಅಣ್ಣನ ಮನೆಗೆ ಹೊರಟಳು. "ನನ್ನ ನಂಬರು ನೋಡದೆ ಹೇಳ್ಲಿಕ್ಕೆ ಬಂದ ದಿನ ಬನ್ನಿ. ಅವತ್ತು ಒಟ್ಟಿಗೆ ಬರ್ತೇನೆ."

ಏಳು ದಿನ ಲೋಕನಾಥ ಉರು ಹೊಡೆದ. ಒಂದೂ ನಿಲ್ಲಲಿಲ್ಲ. ಎಂಟನೆಯ ದಿನ, ಅಂಗಡಿಗೆ ಪುಕ್ಕಟೆ ಪೇಪರ್ ಓದಲು ಬರುವ ನಿವೃತ್ತ ಲೆಕ್ಕದ ಮಾಷ್ಟ್ರು ಕೇಶವಪ್ರಸಾದರಿಗೆ ಮರುಕ ಬಂತು.

"ನಂಬರನ್ನು ನಂಬರಾಗಿ ಇಟ್ಕೊಂಡ್ರೆ ನಿಲ್ಲುದಿಲ್ಲ ಮಾರಾಯ. ಎರಡೆರಡು ಅಂಕೆ ಜೋಡಿಸು. ಒಂದೊಂದು ಜೋಡಿಗೆ ಗೊತ್ತಿದ್ದ ಒಬ್ಬೊಬ್ಬರನ್ನು ನಿಲ್ಲಿಸು. ನಿನಗೆ ಗೊತ್ತಿರುದು ಎಂತ?"

"ಅಳತೆ, ಮಾಷ್ಟ್ರೇ."

"ಹಾಗಾದ್ರೆ ಅದೇ."

ಮೊದಲ ಜೋಡಿ ತೊಂಬತ್ತನಾಲ್ಕು. ಅಷ್ಟು ದೊಡ್ಡ ಸೊಂಟ ಮಂಜೇಶ್ವರ ತಾಲೂಕಿನಲ್ಲೇ ಇರಲಿಲ್ಲ. ಹೋಟೆಲಿನ ಮಹಾಬಲನನ್ನೂ ಅವನ ತಮ್ಮನನ್ನೂ ಒಂದೇ ಬೆಲ್ಟಿನಲ್ಲಿ ಬಿಗಿದಾಗ ಸರಿಹೋಯಿತು. ಮೂವತ್ತೆಂಟು ಸ್ವತಃ ಮಾಷ್ಟ್ರ ಎದೆ. ನಲವತ್ತನಾಲ್ಕು ಪರಮೇಶ್ವರಿಯಕ್ಕನ ಸೊಂಟ. ಉಳಿದೆರಡಕ್ಕೂ ಗಿರಾಕಿಗಳು ಸಿಕ್ಕಿದರು. ಮಧ್ಯಾಹ್ನದೊಳಗೆ ಆರು ಮಂದಿ ಅವನ ತಲೆಯೊಳಗೆ ಸಾಲಾಗಿ ನಿಂತರು.

ಸಾಲು ಚದುರುವ ಮೊದಲೇ ಲೋಕನಾಥ ಬಾಗಿಲೆಳೆದು ಬಸ್ಸು ಹತ್ತಿದ. ಕಣ್ಣು ಮುಚ್ಚಿ ಜಪ ಶುರುಮಾಡಿದ. "ಮಹಾಬಲಣ್ಣ, ತಮ್ಮ, ತೊಂಬತ್ತನಾಲ್ಕು. ಮಾಷ್ಟ್ರ ಎದೆ ಮೂವತ್ತೆಂಟು. ಪರಮೇಶ್ವರಿಯಕ್ಕನ ಸೊಂಟ ನಲವತ್ತನಾಲ್ಕು..."

ಮುಂದಿನ ಸೀಟಿನ ತಲೆ ತಿರುಗಿತು. ಪರಮೇಶ್ವರಿಯಕ್ಕನದ್ದೇ.

"ಎಂತದು ಲೋಕನಾಥ, ನನ್ನ ಸೊಂಟ ಬಸ್ಸಿನಲ್ಲಿ ಹರಾಜಿಗೆ ಇಟ್ಟದ್ದಾ?"

"ಇಲ್ಲ ಅಕ್ಕ, ಅದು ಸುಂದರಿಯ ನಂಬರು."

"ಅವಳ ನಂಬರಿನಲ್ಲಿ ನನ್ನ ಸೊಂಟಕ್ಕೆ ಎಂತ ಕೆಲಸ? ನಾಳೆ ನನ್ನ ಬಟ್ಟೆ ಎಲ್ಲ ವಾಪಸು ಕೊಡು."

ಕಂಡಕ್ಟರ್ ನಡುವೆ ಬಾಯಿ ಹಾಕಿದ. "ನನ್ನದು ಎಷ್ಟುಂಟು ಹೇಳಿ ನೋಡುವ."

ಲೋಕನಾಥ ಅಭ್ಯಾಸಬಲದಿಂದ "ಮೂವತ್ತಾರು" ಎಂದುಬಿಟ್ಟ. ಸಾಲಿನೊಳಗೆ ನುಗ್ಗಿದ ಕಂಡಕ್ಟರನನ್ನು ಹೊರಹಾಕಲು ಉಪ್ಪಳದವರೆಗೂ ಬೇಕಾಯಿತು.

ಸುಂದರಿ ಅಂಗಳ ಗುಡಿಸುತ್ತಿದ್ದಳು. ಲೋಕನಾಥ ಚಪ್ಪಲಿಯನ್ನೂ ಕಳಚದೆ ನಿಂತಲ್ಲೇ ಹತ್ತೂ ಅಂಕೆ ಹೇಳಿದ. ಅವಳ ಮುಖ ಒಂದು ಗಳಿಗೆ ಅರಳಿತು.

"ಸರಿ ಉಂಟು. ಆದ್ರೆ ಈಗ ಅದು ನನ್ನ ನಂಬರಲ್ಲ."

"ಎಂತ?"

"ಏಳು ದಿನ ಫೋನು ಹಿಡ್ಕೊಂಡು ಕೂತೆ. ಬಾಯಿಪಾಠ ಮಾಡ್ತಾ ಇದ್ರಲ್ಲ, ಒಮ್ಮೆ ಒತ್ತಿ ನೋಡುವ ಅಂತ ಅನಿಸಲಿಲ್ವಾ? ನಿನ್ನೆ ಆ ಸಿಮ್ಮು ಅಣ್ಣನ ಮಗಳು ಅಶ್ಮಿತಾಳಿಗೆ ಕೊಟ್ಟೆ. ಹೊಸದು ಒಂದೇ ಸಲ ಹೇಳ್ತೇನೆ, ಕೇಳಿ."

ಹೇಳಿದಳು, ಒಳಗೆ ಹೋದಳು.

ಫೋನು ಮಾಡಿದರೆ ಪರೀಕ್ಷೆಯಲ್ಲಿ ಮೋಸ ಮಾಡಿದಂತಾದೀತು ಎಂದೇ ಲೋಕನಾಥ ಸುಮ್ಮನಿದ್ದದ್ದು. ಈಗ ತನ್ನ ಪೆದ್ದುತನಕ್ಕೆ ಅವನಿಗೇ ಅಳು ಬಂತು. ಹೊಸ ನಂಬರು ಗೇಟಿನವರೆಗೂ ಉಳಿಯಲಿಲ್ಲ. ಬಸ್ ಸ್ಟಾಪಿನಲ್ಲಿ ನಿಂತು, ಜೀವನದಲ್ಲಿ ಮೊದಲ ಸಲ, ನೋಡದೆ ಹಳೆಯ ನಂಬರನ್ನು ಒತ್ತಿದ.

ಅಶ್ಮಿತಾ ಎತ್ತಿದಳು. "ಮಾವ, ಅತ್ತೆ ಇಲ್ಲೇ ಇದ್ದಾರೆ. ಅವರ ನಂಬರಿಗೇ ಮಾಡ್ಬೇಕಂತೆ" ಎಂದು ಇಟ್ಟುಬಿಟ್ಟಳು.