ಚಂದ್ರನ ತಕರಾರು

ಮಂಗಳೂರಿನ ಫಳ್ನೀರಿನಲ್ಲಿ ನನ್ನದೊಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ ಉಂಟು. ಕಾಲಿಗೆ ಕರೆಂಟ್ ಕೊಟ್ಟು, ಇಪ್ಪತ್ತು ನಿಮಿಷ ಅಲ್ಲಾಡದೆ ಮಲಗಿ ಎಂದರೆ ಮನುಷ್ಯ ಬಾಯಿಯನ್ನಾದರೂ ಅಲ್ಲಾಡಿಸಲೇಬೇಕಲ್ಲ. ಹಾಗಾಗಿ ನಮ್ಮಲ್ಲಿ ದಿನಾ ಏನಾದರೊಂದು ವಾದ ನಡೆಯುತ್ತದೆ. ಸಾಮಾನ್ಯವಾಗಿ ವಿಷಯ ರಾಜಕೀಯ, ಇಲ್ಲದಿದ್ದರೆ ಮೀನು. ಕಳೆದ ವರ್ಷ ಮಾತ್ರ ತಿಂಗಳುಗಟ್ಟಲೆ ಒಂದೇ ತಕರಾರು: ಅಮೆರಿಕದವರು ಚಂದ್ರನ ಮೇಲೆ ಇಳಿದದ್ದು ನಿಜವೋ, ಸ್ಟುಡಿಯೋದಲ್ಲಿ ತೆಗೆದ ಪಿಕ್ಚರೋ.

ಬಾವುಟ

ಶುರು ಮಾಡಿದ್ದು ಹೋಟೆಲಿನ ಧನಿಗಳು. ಮೀನೂಟಕ್ಕೆ ಹೆಸರಾದ ಹೋಟೆಲು. ನಲವತ್ತು ವರ್ಷ ಅಲ್ಲಿ ನಿಂತೇ ಮೊಣಕಾಲು ಸವೆಸಿಕೊಂಡವರು. ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ ಬಂದಿದ್ದರು.

"ಮೇಡಂ, ಚಂದ್ರನಲ್ಲಿ ಗಾಳಿ ಉಂಟಾ?"

"ಇಲ್ಲ."

"ಮತ್ತೆ ಅವರ ಬಾವುಟ ಹೇಗೆ ಬಿಚ್ಚಿಕೊಂಡು ನಿಂತದ್ದು?"

ಎಲ್ಲೋ ಓದಿದ ನೆನಪಿತ್ತು. "ಮೇಲಿನ ಅಂಚಿಗೆ ಅಡ್ಡಕ್ಕೆ ಒಂದು ಕೋಲು ಸಿಕ್ಕಿಸಿದ್ರು. ಇಲ್ಲದಿದ್ರೆ ಜೋತು ಬೀಳ್ತಿತ್ತು" ಎಂದೆ.

ಧನಿಗಳು ಸಣ್ಣ ಮಗುವನ್ನು ನೋಡುವ ಹಾಗೆ ನನ್ನನ್ನು ನೋಡಿ ನಕ್ಕರು. "ನೋಡಿ, ಕೋಲು ಸಿಕ್ಕಿಸಿದ್ದು ಅಂತ ನಿಮ್ಮ ಬಾಯಲ್ಲೇ ಬಂತು. ಬಾವುಟದಲ್ಲಿ ಮೋಸ ಮಾಡಿದವ ಉಳಿದದ್ದರಲ್ಲಿ ಬಿಡ್ತಾನಾ?"

ಎಂಟು ದಿವಸ

ಪಕ್ಕದ ಮಂಚದಲ್ಲಿ ಸೊಂಟನೋವಿನ ಒಬ್ಬರು. ಬೈಕಂಪಾಡಿಯಲ್ಲಿ ಅವರ ವರ್ಕ್‌ಶಾಪ್. ಅವರು ಬಾವುಟಕ್ಕೆ ತಲೆ ಕೆಡಿಸಿಕೊಳ್ಳುವವರಲ್ಲ. ಅವರ ಸಂಶಯ ಸಾಗಾಟದ್ದು.

"ಎಂಟು ದಿವಸದಲ್ಲಿ ಹೋಗಿ ಬಂದ್ರಂತೆ ಮಾರಾಯ್ರೆ. ಹೇಗೆ ನಂಬುವುದು? ನಾನು ಬೈಕಂಪಾಡಿಯಿಂದ ಬೆಳಿಗ್ಗೆ ಕಳಿಸಿದ ಲೋಡು ಇಲ್ಲೇ ಪಂಪ್‌ವೆಲ್ಲಿಗೆ ಮುಟ್ಟುವಾಗ ಮಧ್ಯಾಹ್ನದ ಊಟ ಆಗಿರ್ತದೆ."

"ದಾರಿಯಲ್ಲಿ ನಂತೂರು ಸರ್ಕಲಿನ ಟ್ರಾಫಿಕ್ ಸಿಗ್ತದಲ್ಲ" ಎಂದೆ. "ಅವರಿಗೆ ನಂತೂರು ಸಿಗುವುದಿಲ್ಲ."

ನಾನು ಬೆನ್ನಿನ ಮೇಲಿನ ಬಿಸಿ ಪ್ಯಾಕ್ ತೆಗೆಯುವಾಗ ಅವರು ತೀರ್ಪು ಕೊಟ್ಟರು. "ಹೌದು. ಹಾಗಾದ್ರೆ ಹೋಗಿರಬಹುದು."

ಮತದಾನ

ದಿನಾ ಈ ಗಲಾಟೆ ಕೇಳಿ ನನಗೂ ಕುತೂಹಲ ಹುಟ್ಟಿತು. ಎಷ್ಟು ಜನ ನಂಬುವುದಿಲ್ಲ ಎಂದು ಒಮ್ಮೆ ನೋಡುವ ಅನ್ನಿಸಿತು. ಒಂದು ಸೋಮವಾರ ಕ್ಲಿನಿಕ್ ತುಂಬಿದ್ದಾಗ ಹೇಳಿದೆ, "ಚಂದ್ರನಿಗೆ ಹೋದದ್ದು ಸುಳ್ಳು ಅನ್ನುವವರು ಕೈ ಎತ್ತಿ."

ಧನಿಗಳು ಎತ್ತಿದರು. ಅವರನ್ನು ಕರೆತಂದ ಡ್ರೈವರ್ ಅವರ ಮುಖ ನೋಡಿ ಎತ್ತಿದ. ಮೂಲೆಯ ಕುರ್ಚಿಯಿಂದ ಇನ್ನೊಂದು ಕೈ ಎದ್ದಿತು. ನೋಡಿದರೆ ಕುವೈತಿನಲ್ಲಿ ನರ್ಸ್ ಆಗಿದ್ದ ಹೆಂಗಸು, ಗೌರವಕ್ಕೆ ನಾವೆಲ್ಲ 'ಬಾಯಿ' ಎಂದು ಕರೆಯುವವರು. ಬಚ್ಚಲಲ್ಲಿ ಜಾರಿ ಬಿದ್ದು ಭುಜದ ಎಲುಬು ಮುರಿದಿತ್ತು. ಎಲುಬು ಕೂಡಿದರೂ ಹೆದರಿಕೆ ಹೋಗಿರಲಿಲ್ಲ. ಮೂರು ವಾರದಿಂದ ನಾನು ಎಷ್ಟು ಗೋಗರೆದರೂ ಕೈಯನ್ನು ಎದೆಯಿಂದ ಮೇಲೆ ತಂದವರಲ್ಲ. ಈಗ ಅದೇ ಕೈ ಕಿವಿಯ ಮಟ್ಟಕ್ಕೆ ಬಂದಿದೆ.

"ಬಾಯಿ, ನಿಮ್ಮ ಕೈ" ಎಂದೆ. ನನಗೆ ಕಣ್ಣಲ್ಲಿ ನೀರೇ ಬಂತು.

"ಸುಮ್ಮನಿರಿ, ಮೊದಲು ಲೆಕ್ಕ ಮಾಡಿ" ಎಂದರು ಅವರು. "ನಾನು ಎತ್ತಿದ್ದು ನಿಮ್ಮ ಎಕ್ಸರ್‌ಸೈಸಿಗೆ ಅಲ್ಲ, ಸತ್ಯಕ್ಕೆ."

ಮಾಸ್ಟ್ರು

ಈ ಗಲಾಟೆಯ ನಡುವೆ ಮಾತಾಡದೆ ಇದ್ದವರು ಒಬ್ಬರೇ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮಾಸ್ಟ್ರು. ಲಕ್ವ ಹೊಡೆದು ಬಲಗೈ ಬಿದ್ದಿತ್ತು, ಮಾತೂ ಹೋಗಿತ್ತು. ಐದು ತಿಂಗಳಿಂದ "ಹಾಂ" ಬಿಟ್ಟು ಬೇರೆ ಶಬ್ದ ಬಂದಿರಲಿಲ್ಲ. ಅವರ ಹೆಂಡತಿ ದಿನಾ ಕೈಹಿಡಿದು ಕರೆತಂದು, ಅವರ ಪಾಲಿನ ಮಾತನ್ನೂ ತಾನೇ ಆಡಿ, ಕರೆದುಕೊಂಡು ಹೋಗುತ್ತಿದ್ದರು.

ಒಂದು ದಿನ ಧನಿಗಳು ಎಂದಿನಂತೆ, "ಅವರು ಹೋಗ್ಲೇ ಇಲ್ಲ ಮಾರಾಯ್ರೆ" ಎಂದರು.

"ಹೋಗಿದ್ದಾರೆ."

ಯಾರು ಹೇಳಿದ್ದು ಎಂದು ಎಲ್ಲರೂ ತಿರುಗಿದೆವು. ಮಾಸ್ಟ್ರ ಮುಖ ಕೆಂಪಾಗಿತ್ತು. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಧನಿಗಳ ಹತ್ತಿರ ಹೋದರು. "ಅಣ್ಣಾ, ನಾಳೆಯೂ ಬನ್ನಿ. ಇನ್ನೊಮ್ಮೆ ಹೋಗ್ಲಿಲ್ಲ ಅಂತ ಹೇಳಿ."

ಮರುದಿನ ಧನಿಗಳು ಕೇಳಿದರು, "ಆ ಫೋಟೋದಲ್ಲಿ ಒಂದು ನಕ್ಷತ್ರವಾದ್ರೂ ಉಂಟಾ?"

ಮಾಸ್ಟ್ರು ತುಂಬ ಕಷ್ಟಪಟ್ಟು, "ಹಗಲು" ಎಂದರು.

ಹೀಗೆ ದಿನಕ್ಕೊಂದು ಪ್ರಶ್ನೆ, ಒಂದೋ ಎರಡೋ ಶಬ್ದದ ಉತ್ತರ. ಧನಿಗಳ ಮೊಣಕಾಲು ಗುಣವಾಯಿತು, ಇನ್ನು ಬರುವುದು ಬೇಡ ಎಂದು ನಾನೇ ಹೇಳಿದೆ. ಆದರೂ ಹತ್ತೂವರೆಗೆ ಸರಿಯಾಗಿ ಹಾಜರು. ಒಮ್ಮೆ ನೋಡುತ್ತೇನೆ, ಹೊರಗೆ ಮೆಟ್ಟಿಲಲ್ಲಿ ನಿಂತು ಒಂದು ಚೀಟಿ ಬಾಯಿಪಾಠ ಮಾಡುತ್ತಿದ್ದಾರೆ. ಮಗಳ ಹತ್ತಿರ ಹೇಳಿ ಪ್ರಶ್ನೆ ಬರೆಸಿ ತಂದದ್ದು.

ನನ್ನನ್ನು ಕಂಡು ಅವರಿಗೆ ನಾಚಿಕೆಯಾಯಿತು. "ಮೇಡಂ, ಅವರು ಹೋದದ್ದು ಹೌದು. ಮಗಳು ಎಲ್ಲ ಬಿಡಿಸಿ ಹೇಳಿದ್ಳು, ನನಗೆ ಗೊತ್ತಾಗಿ ತಿಂಗಳಾಯ್ತು. ಮಾಸ್ಟ್ರಿಗೆ ಹೇಳ್ಬೇಡಿ. ಇನ್ನೂ ನಾಲ್ಕು ಮಾತು ಬರ್ಲಿ."

ನಾನು ಹೇಳಲಿಲ್ಲ. ಆ ದಿನವೂ ವಾದ ಆಯಿತು. ಸೋತರೂ ಒಪ್ಪದೆ ಧನಿಗಳು ತಲೆ ಆಡಿಸುತ್ತಾ ಹೊರಟರು. ಅವರ ಕಾರು ಗೇಟು ದಾಟುವವರೆಗೆ ಕಾದು ಮಾಸ್ಟ್ರು ಎಡಗೈಯಿಂದ ನನ್ನನ್ನು ಹತ್ತಿರ ಕರೆದರು. ಲಕ್ವ ಹೊಡೆದ ಮೇಲೆ ಅವರು ಆಡಿದ ಅತಿ ಉದ್ದದ ಮಾತು ಅದು. ಒಂದೊಂದೇ ಶಬ್ದ ಹೆಕ್ಕಿ ಹೆಕ್ಕಿ ಹೇಳಿದರು.

"ಪಾಪ, ಒಳ್ಳೆಯ ಜನ. ತಲೆಗೆ... ಹತ್ತುವುದು... ನಿಧಾನ. ದಿನಾ ಬರ್ಲಿಕ್ಕೆ ಹೇಳಿ. ನಾನು... ಕಲಿಸ್ತೇನೆ."