ರೂತಾಯಿಯ ಗೋಡೆ, ನನ್ನ ನಡು

ಸೇವೆ ಮಾಡಿದವರಿಗೆ ಸ್ವರ್ಗ ಸಿಗುತ್ತದೆ ಎಂದು ಎಲ್ಲ ಧರ್ಮದವರೂ ಹೇಳುತ್ತಾರೆ. ಸೇವೆ ಮಾಡಿಸಿಕೊಂಡವರಿಗೆ ಏನು ಸಿಗುತ್ತದೆ ಎಂದು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ನಾನು ಎರಡೂ ಕಡೆ ಇದ್ದು ಬಂದವನು, ಆದ್ದರಿಂದ ಹೇಳುತ್ತೇನೆ. ಸೇವೆ ಮಾಡುವುದು ಬಹಳ ಸುಲಭ. ಹಾಡು ಹೇಳುತ್ತ ಹೋಗುವುದು, ಒಂದಿಷ್ಟು ಬೆವರು ಸುರಿಸುವುದು, ಉಂಡು ಸ್ತೋತ್ರ ಹೇಳಿ ಹಗುರ ಮನಸ್ಸಿನಿಂದ ಮನೆಗೆ ಬರುವುದು. ಮಾಡಿಸಿಕೊಳ್ಳುವುದಕ್ಕೆ ಗುಂಡಿಗೆ ಬೇಕು, ಮನೆಯಲ್ಲಿ ಜೋಳ ಬೇಕು, ತಾಳ್ಮೆಯ ಹೆಂಡತಿ ಬೇಕು. ನನಗೆ ಹೆಂಡತಿಯೇನೋ ಇದ್ದಳು. ತಾಳ್ಮೆಯ ವಿಷಯ ಮುಂದೆ ಬರುತ್ತದೆ.

ನಿಜಾಮರ ಕಾಲದ ಮಾತು. ಆಗ ನಾನು ಕಲಬುರ್ಗಿಯ ತಹಸೀಲ ಕಚೇರಿಯಲ್ಲಿ ನಕಲು ಗುಮಾಸ್ತ. ಉರ್ದುವಿನಲ್ಲಿ ಬಂದದ್ದನ್ನು ಉರ್ದುವಿನಲ್ಲೇ ಇನ್ನೊಂದು ಸಲ ಬರೆಯುವುದು ನನ್ನ ಕೆಲಸ. ಬ್ರಹ್ಮಪುರದಲ್ಲಿ ಎರಡು ಖೋಲಿಯ ಬಾಡಿಗೆ ಮನೆ, ಐತವಾರಕ್ಕೊಮ್ಮೆ ನಮ್ಮ ಬ್ಯಾಪ್ಟಿಸ್ಟ್ ಸಭೆ. ಬೇರೆ ಕ್ರೈಸ್ತರು ಕೂಸಿನ ತಲೆಯ ಮೇಲೆ ನಾಲ್ಕು ಹನಿ ಚಿಮುಕಿಸಿ ಕೆಲಸ ಮುಗಿಸುತ್ತಾರೆ. ನಮ್ಮಲ್ಲಿ ಬುದ್ಧಿ ಬರುವವರೆಗೆ ಕಾದು, ಬಂದಮೇಲೆ ಪೂರ್ತಿ ಮುಳುಗಿಸುತ್ತಾರೆ. ಕಲಬುರ್ಗಿಯಲ್ಲಿ ಬೇಸಿಗೆಗೆ ಕುಡಿಯಲು ನೀರಿಲ್ಲದಿರುವಾಗ ಮುಳುಗುವುದೆಲ್ಲಿ? ಅದಕ್ಕಾಗಿ ಕಮಲಾಪುರದ ಬಾಳೆತೋಟದ ಬಾವಿಗೆ ಹೋಗಬೇಕಿತ್ತು. ನನ್ನನ್ನು ಮುಳುಗಿಸಿದ್ದೂ ಅಲ್ಲಿಯೇ. ಮೂಗಿಗೆ ನೀರು ಹೋಗಿ ಕೆಮ್ಮಿದ್ದನ್ನು ಜನ ಪವಿತ್ರಾತ್ಮ ಬಂತೆಂದು ತಿಳಿದರು, ನಾನೂ ತಿದ್ದಲಿಲ್ಲ.

ನಮ್ಮ ಸಭೆಯ ಇನ್ನೊಂದು ವಿಶೇಷವೆಂದರೆ ಕೈ ಎತ್ತುವುದು. ನಮಗೆ ಬಿಷಪ್ಪರಿಲ್ಲ, ಮೇಲಿನವರಿಲ್ಲ. ಸಭೆಯ ಸದಸ್ಯರೆಲ್ಲ ಸಮ, ಹೆಚ್ಚು ಕೈ ಯಾವ ಕಡೆ ಎದ್ದವೋ ಅದೇ ತೀರ್ಮಾನ. ಹೈದರಾಬಾದಿನಲ್ಲಿ ಹುಜೂರರು ಒಬ್ಬರೇ ಕೂತು ಇಡೀ ರಾಜ್ಯದ ತೀರ್ಮಾನ ಮಾಡುತ್ತಿದ್ದ ಕಾಲದಲ್ಲಿ, ನಾವು ಒಂದು ಕಸಬರಿಗೆ ಕೊಳ್ಳುವುದಕ್ಕೂ ಕೈ ಎತ್ತುತ್ತಿದ್ದೆವು. ಆ ಕಸಬರಿಗೆಯ ಚರ್ಚೆ ಒಂದಿಡೀ ಸಂಜೆ ನಡೆಯಿತು. ಬಂಡಿ ಹೊಡೆಯುವ ದಾನಿಯೇಲಪ್ಪ ಎದ್ದು ನಿಂತು, “ಶಿಂದಿ ಗಿಡದ ಕಸಬರಿಗಿ ದೇವರ ಮನ್ಯಾಗ ಬ್ಯಾಡ್ರಿ. ಅದು ಹೆಂಡ ಕೊಡೋ ಗಿಡ” ಎಂದ. ಸಭೆಗೆ ಬರುವ ಮುಂಚೆ ಆತ ಆ ಗಿಡದ ಪರಮ ಭಕ್ತನಾಗಿದ್ದವನು. ಅವನ ಅನುಭವಕ್ಕೆ ಗೌರವ ಕೊಟ್ಟು ಎಲ್ಲರೂ ಕೈ ಎತ್ತಿದೆವು. ಮಳೆಗಾಲ ಮುಗಿಯುವವರೆಗೂ ದೇವರ ಮನೆ ಕಸ ಕಾಣಲಿಲ್ಲ, ಅಂದರೆ ಕಸಬರಿಗೆ ಕಾಣಲಿಲ್ಲ, ಕಸ ಬೇಕಾದಷ್ಟಿತ್ತು.

ಹೀಗೆಯೇ ಕೈ ಎತ್ತಿ ನಾವು ಒಂದು ಸೇವಾ ಮಂಡಳಿ ಕಟ್ಟಿದೆವು. ಯಾರ ಮನೆ ಸೋರುತ್ತದೋ, ಯಾರು ಹಾಸಿಗೆ ಹಿಡಿದಿದ್ದಾರೋ, ಅವರ ಮನೆಗೆ ಎಲ್ಲರೂ ಕೂಡಿ ಹೋಗಿ ದುಡಿಯುವುದು. ಅದರ ಕಾರ್ಯದರ್ಶಿ ನಾನು. ಮೊದಲ ಸಲ ಒಬ್ಬ ಮುದುಕಿಯ ಛಪ್ಪರ ಹೊದಿಸಲು ಹೋದಾಗ, ನಮ್ಮಲ್ಲಿ ಕೆಲವರು ಮನೆಯಿಂದ ಕಟ್ಟಿ ತಂದ ರೊಟ್ಟಿಯ ಗಂಟು ಬಿಚ್ಚಿ ಬೇವಿನ ಗಿಡದ ಕೆಳಗೆ ಕೂತು ಉಂಡರು. ಆ ಮುದುಕಿ ಬಾಗಿಲಲ್ಲಿ ನಿಂತು ನೋಡಿದಳು. “ನನ್ನ ಕೈಯೂಟ ಒಲ್ಲದವರು ನನ್ನ ಛಪ್ಪರ ಯಾಕ ಮುಟ್ಟಿದ್ರಿ?” ಎಂದು ಕೇಳಿ ಒಳಗೆ ಹೋಗಿ ಅತ್ತಳು. ನಮ್ಮ ಸಭೆಯಲ್ಲಿ ಎಲ್ಲ ಕೇರಿಯವರೂ ಇದ್ದರು. ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಮುಟ್ಟದ ಊರುಗಳಿಂದ ಬಂದವರು ನಾವು. ಆ ಮಾತು ಎಲ್ಲರಿಗೂ ಚುಚ್ಚಿತು. ಮುಂದಿನ ಐತವಾರವೇ ತೀರ್ಮಾನವಾಯಿತು: ಯಾರಿಗೆ ಸೇವೆ ಮಾಡುತ್ತೇವೋ ಅವರ ಮನೆಯಲ್ಲೇ, ಅವರು ಮಾಡಿದ್ದನ್ನೇ, ಎಲ್ಲರೂ ಕೂಡಿ ಉಣ್ಣಬೇಕು. ಆ ತೀರ್ಮಾನಕ್ಕೆ ಇವತ್ತೂ ಕೈ ಎತ್ತುತ್ತೇನೆ. ತಪ್ಪು ತೀರ್ಮಾನದಲ್ಲಿರಲಿಲ್ಲ, ನಮ್ಮ ಹೊಟ್ಟೆಯ ಅಳತೆಯಲ್ಲಿತ್ತು.

ರೂತಾಯಿ ಕಮಲಾಪುರದ ವಯಸ್ಸಾದ ವಿಧವೆ, ನಮ್ಮ ಸಭೆಯ ಸದಸ್ಯೆ. ಗೌಡರ ತೋಟದಲ್ಲಿ ಕೆಂಪು ಬಾಳೆಗೊನೆ ಕೊಯ್ದು ಹೊರುವ ಕೆಲಸ. ಅವಳ ಮನೆಯ ಹಿತ್ತಲ ಗೋಡೆಗೆ ಯಾರದೋ ಎಮ್ಮೆ ಮೈ ತಿಕ್ಕಿ ತಿಕ್ಕಿ ತೂತು ಬಿದ್ದಿತ್ತು. ಮುಂಗಾರಿನ ಮಿರಗದ ಮಳೆ ಬರುವುದರೊಳಗೆ ಮುಚ್ಚಬೇಕು ಎಂದು ಅವಳು ಐತವಾರ ಬಂದಾಗ ಯಾರಿಗೋ ಹೇಳಿದ್ದು ನನ್ನ ಕಿವಿಗೆ ಬಿತ್ತು. ನಾನು ಬಿಡುತ್ತೇನೆಯೇ? ಎದ್ದೆ, ಭಾಷಣ ಮಾಡಿದೆ, ಕೈ ಎತ್ತಿಸಿದೆ. ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ ಎಸ್ತೇರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನೋಡಿದಳು.

“ಇಪ್ಪತ್ತು ಮಂದಿ ಕೂಡಿ ತೂತು ಮುಚ್ಚಾಕ ಹೊಂಟೀರಿ. ತೂತು ಎಷ್ಟು ದೊಡ್ಡದದರೀ?”

“ತೂತಿನ ಮಾತಲ್ಲ, ಪ್ರೀತಿಯ ಮಾತು” ಎಂದೆ.

“ಆಯಿ ಮನ್ಯಾಗ ಜ್ವಾಳ ಎಷ್ಟದ, ಅದನ್ನ ಕೇಳೀರೇನು?”

ಕೇಳಿರಲಿಲ್ಲ. ಕೇಳುವುದು ಮರ್ಯಾದೆಯಲ್ಲ ಎಂದು ಜಾರಿಕೊಂಡೆ.

ನಿಜಾಮ ಸರ್ಕಾರದಲ್ಲಿ ಕಚೇರಿಗೆ ರಜೆ ಶುಕ್ರವಾರ. ನಮ್ಮ ದೇವರಿಗೆ ರಜೆ ಐತವಾರ. ನಡುವೆ ದುಡಿಮೆಗೆಂದು ಸಿಗುವುದು ಶನಿವಾರ ಒಂದೇ. ಅದಕ್ಕೆ, ಐತವಾರವನ್ನೂ ಸೇರಿಸಿ, ಸಾಹೇಬರ ಕೈಕಾಲು ಹಿಡಿದು ರಜೆ ಪಡೆದೆ. ಶುಕ್ರವಾರ ದಿನವಿಡೀ ದಾನಿಯೇಲಪ್ಪನ ಬಂಡಿಯ ಹಿಂದೆ ಮುಂದೆ ಹಾಡುತ್ತ ನಡೆದು, ದೀಪ ಹಚ್ಚುವ ಹೊತ್ತಿಗೆ ಕಮಲಾಪುರ ಮುಟ್ಟಿದೆವು. ಮುಟ್ಟಿದ್ದೇ ಊಟಕ್ಕೆ ಕೂತೆವು. ರೂತಾಯಿ ನಮ್ಮ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ಎಣಿಸಿದಳು. ಆಮೇಲೆ ಮೂಲೆಯಲ್ಲಿದ್ದ ಜೋಳದ ಗುಮ್ಮಿಯ ಮುಚ್ಚಳ ತೆಗೆದಳು. ಮಳೆಗಾಲಕ್ಕೆಂದು ಕೂಡಿಟ್ಟ ಜೋಳ ಅದು.

ಬೆಳಿಗ್ಗೆ ರೊಟ್ಟಿ ತಿಂದು ಗೋಡೆಯ ಮುಂದೆ ಸಭೆ ಸೇರಿದೆವು. ರೂತಾಯಿ ತೂತು ತೋರಿಸಿ, “ನಾಕು ಕಲ್ಲು, ಒಂದು ಬುಟ್ಟಿ ಮಣ್ಣು. ಅಷ್ಟಾದ್ರ ಸಾಕು ತಮ್ಮಾ” ಎಂದಳು. ಇಪ್ಪತ್ತು ಮಂದಿ ಇಪ್ಪತ್ತು ಮೈಲಿಗೂ ಮೇಲೆ ನಡೆದು ಬಂದು ನಾಲ್ಕು ಕಲ್ಲು ಇಟ್ಟು ಹೋಗುವುದೆಂದರೆ ಏನು ಚಂದ? ಗೋಡೆಯೇ ವಾಲಿದೆ, ಪೂರ್ತಿ ಕೆಡವಿ ಹೊಸದಾಗಿ ಕಟ್ಟೋಣ ಎಂದೆ ನಾನು. ನಮ್ಮ ಉಪದೇಶಿ ಯೋಹಾನಪ್ಪನವರು ತಕ್ಕ ವಚನವನ್ನೂ ಹುಡುಕಿ ಕೊಟ್ಟರು. ಹುಡುಕಿದರೆ ಯಾವ ಗೋಡೆ ಕೆಡವುವುದಕ್ಕೂ ವಚನ ಸಿಗುತ್ತದೆ. ಕೈ ಎತ್ತಿದೆವು. ವಿರೋಧಕ್ಕೆ ಎದ್ದದ್ದು ರೂತಾಯಿಯ ಕೈ ಒಂದೇ.

“ಗ್ವಾಡಿ ನಂದು” ಎಂದಳು.

“ಗೋಡೆ ನಿಂದ ಆಯಿ, ತೀರ್ಮಾನ ಸಭಾದ್ದು” ಎಂದೆ. ಆ ಮಾತು ಆಡಿದ ನಾಲಿಗೆ ಈಗಲೂ ನನ್ನ ಬಾಯಲ್ಲೇ ಇದೆ, ನೋಡಿ.

ಕೆಡವುವುದರಲ್ಲಿ ಇರುವ ಉತ್ಸಾಹ ಕಟ್ಟುವುದರಲ್ಲಿ ಇರುವುದಿಲ್ಲ. ಮಧ್ಯಾಹ್ನಕ್ಕೆ ಗೋಡೆ ನೆಲಸಮ. ಉಂಡೆವು. ಉಂಡಮೇಲೆ ಹೊಸ ಗೋಡೆಗೆ ಹಿತ್ತಲ ಬಾಗಿಲು ಇಡಬೇಕೋ ಬೇಡವೋ ಎಂಬ ಪ್ರಶ್ನೆ ಬಂತು. ಇಡುವುದಾದರೆ ಎಡಕ್ಕೋ ಬಲಕ್ಕೋ? ಪರ ವಿರೋಧ ಕೈಗಳು ಸಮವಾಗಿ, ಮತ್ತೆ ಚರ್ಚೆಯಾಗಿ, ಮತ್ತೆ ಕೈ ಎತ್ತಿ, ಬಲಕ್ಕೆ ಎಂದು ತೀರ್ಮಾನವಾಗುವಷ್ಟರಲ್ಲಿ ಹೊತ್ತು ಮುಳುಗಿತು. ಮರುದಿನ ಐತವಾರ. ಐತವಾರ ಕಲ್ಲು ಮುಟ್ಟುವುದು ಪಾಪ. ಆರಾಧನೆ ಮಾಡಿದೆವು, ಉಂಡೆವು. ಸೋಮವಾರ ನನಗೆ ಕಚೇರಿ, ಉಳಿದವರಿಗೂ ಅವರವರ ಹೊಟ್ಟೆಪಾಡು. ಬಂಡಿ ಹೂಡಿದೆವು. ತೋಟದ ಕಾವಲಿನ ಮುದುಕ ಬೇಲಿಯಾಚೆ ನಿಂತು ಎಲ್ಲ ನೋಡುತ್ತಿದ್ದ. “ನಿಮ್ಮ ದೇವರು ಮಂದೀನ ಭಾಳ ಕಳಿಸ್ಯಾನ್ರೀ. ಗ್ವಾಡಿ ಒಂದು ಒಯ್ದಾನ” ಎಂದ. ರೂತಾಯಿ ಗೋಡೆ ಇದ್ದ ಕಡೆ ಕೌದಿ ತೂಗುಹಾಕಿ, ಒಳಗೆ ಹೋಗಿ ಬೆರಳಿನಿಂದ ಗುಮ್ಮಿಯನ್ನು ಬಡಿದಳು. ಡಬ್ ಡಬ್ ಎಂದಿತು. “ಮತ್ತ ಯಾವಾಗ ಬರ್ತೀರಿ?” ಎಂದು ಕೇಳಿದಳು. ನಾವೆಲ್ಲ ಅದನ್ನು ಪ್ರೀತಿಯ ಕರೆಯೆಂದೇ ತಿಳಿದೆವು.

ಮುಂದಿನ ಶುಕ್ರವಾರ ಹೊರಡುವಾಗ ಎಸ್ತೇರಮ್ಮ, “ಒಂದು ಚೀಲ ಜ್ವಾಳನಾರ ಬಂಡ್ಯಾಗ ಹಾಕ್ಕೊಂಡು ಹೋಗ್ರಿ” ಎಂದಳು. ನಮ್ಮ ಜೋಳ ನಾವೇ ಒಯ್ದರೆ ರೊಟ್ಟಿಯ ಗಂಟು ಒಯ್ದ ಹಾಗೆಯೇ, ಸಭೆಯ ತೀರ್ಮಾನಕ್ಕೆ ವಿರೋಧ ಎಂದೆ. “ಹಂಗಾದ್ರ ನಿಮ್ಮ ಸಭಾ ನಮ್ಮ ಮನಿಗೆ ಬಂದ ದಿನ ನೋಡ್ತೀನಿ” ಎಂದಳು.

ಆ ದಿನ ದೂರವಿರಲಿಲ್ಲ. ಈ ಸಲ ಶನಿವಾರ ನಸುಕಿಗೇ ಕೆಲಸ ಹಿಡಿದೆವು, ಏಕೆಂದರೆ ಮೋಡ ಕಟ್ಟಿತ್ತು, ಎಲ್ಲರಿಗೂ ಒಳಗೊಳಗೇ ನಾಚಿಕೆಯೂ ಇತ್ತು. ಗುಮಾಸ್ತನಿಗೆ ಕೈಲಾಗುವುದಿಲ್ಲ ಎಂದು ಯಾರೋ ನಕ್ಕದ್ದಕ್ಕೆ, ನಾನು ಮೂಲೆಗಲ್ಲನ್ನು ಒಬ್ಬನೇ ಎತ್ತಿದೆ. ಕಲ್ಲು ಮೇಲೆ ಬಂತು. ನಡು ಅಲ್ಲೇ ಉಳಿಯಿತು. ಸಂಜೆಯೊಳಗೆ ಗೋಡೆ ಎದ್ದಿತು, ನಾನು ಮಲಗಿದೆ. ಬಾಳೆಲೆ ಹಾಸಿದ ಬಂಡಿಯಲ್ಲಿ ಗೊನೆಯಂತೆ ನನ್ನನ್ನು ಬ್ರಹ್ಮಪುರಕ್ಕೆ ತಂದು ಇಳಿಸಿದರು. ಮಿರಗದ ಮಳೆ ಹೊಡೆಯಿತು, ಹೊಸ ಗೋಡೆ ಅಲ್ಲಾಡಲಿಲ್ಲ ಎಂದು ಆಮೇಲೆ ಕೇಳಿದೆ.

ಅದರ ಮುಂದಿನ ಐತವಾರ ಸಭೆ ನನಗಾಗಿ ಪ್ರಾರ್ಥನೆ ಮಾಡಿತು. ಅಷ್ಟಕ್ಕೇ ಬಿಟ್ಟಿದ್ದರೆ ನನ್ನ ಭಕ್ತಿ ಎಷ್ಟು ಬೆಳೆಯುತ್ತಿತ್ತೋ. ಸಂಜೆ ದಾನಿಯೇಲಪ್ಪ ಬಂದು, “ಸೀಮನಪ್ಪನವರ, ಎಲ್ಲಾರೂ ಕೈ ಎತ್ಯಾರ್ರೀ. ಶುಕ್ರವಾರ ನಿಮ್ಮ ಸೇವಾಕ್ಕ ಬರ್ತೀವಿ. ಮನಿಗೆ ಸುಣ್ಣ ಹೊಡೀತೀವಿ, ನಿಮ್ಮ ನಡ ತಿಕ್ಕತೀವಿ” ಎಂದ. ಒಳಗೆ ಎಸ್ತೇರಮ್ಮ ನಮ್ಮ ಗುಮ್ಮಿಯನ್ನು ಬಡಿದ ಸದ್ದು ಕೇಳಿಸಿತು. ಪಗಾರ ಬರಲು ಇನ್ನೂ ದಿನಗಳಿದ್ದವು, ಅದರಲ್ಲೂ ರಜೆಯ ದಿನಗಳದ್ದು ಮುರಿದುಕೊಳ್ಳುತ್ತಿದ್ದರು. ಇಪ್ಪತ್ತು ಮಂದಿ ಒಂದು ಹೊತ್ತು ಉಂಡರೆ ನಾವಿಬ್ಬರೂ ಅಲ್ಲಿಂದ ಮುಂದೆ ಪ್ರಾರ್ಥನೆಯನ್ನೇ ಉಣ್ಣಬೇಕಿತ್ತು. ಬರಬೇಡಿ ಎನ್ನೋಣವೇ? ಬರಬೇಡಿ ಎಂದರೆ ನಿಮ್ಮ ಕೈ ನಮ್ಮ ಮನೆ ಮುಟ್ಟಬಾರದು ಎಂದಂತೆ. ಆ ಮಾತು ನನ್ನ ಬಾಯಿಂದ ಬರುವುದು ಸಾಧ್ಯವೇ ಇರಲಿಲ್ಲ.

ಗುರುವಾರ ಸಂಜೆ ಪೇಟೆಗೆ ಹೋಗುವ ಬಾಳೆಹಣ್ಣಿನ ಬಂಡಿಯಲ್ಲಿ ರೂತಾಯಿ ಬಂದಿಳಿದಳು. ತನ್ನ ಗೋಡೆಗೆ ನಡು ಕೊಟ್ಟವನನ್ನು ನೋಡದಿದ್ದರೆ ಹೇಗೆ ಎಂದು ಒಂದು ಚಿಪ್ಪು ಕೆಂಪು ಬಾಳೆಹಣ್ಣು ತಂದಿದ್ದಳು. ಎಸ್ತೇರಮ್ಮ ಎಲ್ಲ ಹೇಳಿಕೊಂಡಳು. ರೂತಾಯಿ ಎದ್ದು ಹೋಗಿ ನಮ್ಮ ಗುಮ್ಮಿಯನ್ನು ತಾನೂ ಒಂದು ಸಲ ಬಡಿದು ನೋಡಿ, “ನಿಂದೂ ನನ್ನ ಗುಮ್ಮಿ ಹಂಗ ಹಾಡಾಕತ್ತದ ತಮ್ಮಾ” ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ಆಮೇಲೆ, “ನಾಳಿ ನಾ ನೋಡ್ಕೋತೀನಿ” ಎಂದಳು.

ನಮ್ಮ ಸಭೆಯ ಒಂದು ಉಪಕಾರವೆಂದರೆ ಅವರು ಹಾಡುತ್ತ ಬರುತ್ತಾರೆ. ಶುಕ್ರವಾರ ಬೆಳಿಗ್ಗೆ ಶರಣಬಸವೇಶ್ವರ ಗುಡಿಯ ಕಡೆಯಿಂದ ಹಾಡು ಕೇಳಿಸಿದ್ದೇ, ರೂತಾಯಿ ಹೊರಗೆ ಹೋಗಿ ಬಾಗಿಲೆಳೆದು, ಕೀಲಿ ಜಡಿದು ಕಟ್ಟೆಯ ಮೇಲೆ ಕೂತಳು. ಒಳಗೆ ಎಸ್ತೇರಮ್ಮ ಬಡಿಯುತ್ತಿದ್ದ ರೊಟ್ಟಿಯ ಮೇಲೆ ಕೈ ಹಾಗೇ ಇಟ್ಟು ನಿಂತಳು. ನಾನು ಮಂಚದ ಮೇಲೆ ನರಳುವುದನ್ನು ನುಂಗಿಕೊಂಡೆ.

“ಸೀಮನಪ್ಪ ಎಲ್ಲಿ?” ಉಪದೇಶಿಗಳ ದನಿ.

“ಕಚೇರಿ ಸಾಹೇಬರ ಮನಿಗೆ ಹೋಗ್ಯಾನ್ರೀ, ಹೆಂಡ್ತೀನೂ ಕರಕೊಂಡು.”

“ನಡ ಹಿಡಿದವ ಹ್ಯಾಂಗ ಹೋದ?”

“ನೀವು ಐತವಾರ ಪ್ರಾರ್ಥನಾ ಮಾಡಿದ್ರಲ್ಲರೀ” ಎಂದಳು ರೂತಾಯಿ. “ಎದ್ದ, ನಡೆದ.”

ದಾನಿಯೇಲಪ್ಪ ಮೂಗೆಳೆದುಕೊಂಡು, “ರೊಟ್ಟಿ ವಾಸನಿ ಬರಾಕತ್ತದ” ಎಂದ. “ಬಾಜೂ ಮನೀದು” ಎಂದಳು. ಉಪದೇಶಿಗಳು ಹನ್ನೆರಡು ವರ್ಷದಿಂದ ಪ್ರಾರ್ಥಿಸುತ್ತಿದ್ದವರು. ಫಲ ಸಿಕ್ಕಿತೆಂದು ಯಾರೂ ಅವರ ಹತ್ತಿರ ಇಷ್ಟು ನೇರವಾಗಿ ಹೇಳಿರಲಿಲ್ಲ. ಅಲ್ಲೇ ಬೀದಿಯಲ್ಲಿ ಎಲ್ಲರೂ ಮೊಣಕಾಲೂರಿ ಸ್ತೋತ್ರ ಮಾಡಿ, ಇನ್ನೂ ಜೋರಾಗಿ ಹಾಡುತ್ತ ಹೊರಟುಹೋದರು. ಕೀಲಿ ತೆಗೆದು ಒಳಬಂದ ರೂತಾಯಿಗೆ, “ಸುಳ್ಳು ಹೇಳಿದ್ಯಲ್ಲ ಆಯಿ” ಎಂದಳು ಎಸ್ತೇರಮ್ಮ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತ. “ಸುಳ್ಳಲ್ಲ ತಂಗಿ, ವಿಶ್ವಾಸ. ಕಣ್ಣಿಗೆ ಕಾಣದ್ದನ್ನ ಅದ ಅನ್ನೂದ ವಿಶ್ವಾಸ ಅಂತ ಉಪದೇಶಿನ ಹೇಳ್ಯಾನ.” ನನಗೆ ಯಾರೂ ಮಾಡದ ಸೇವೆಯನ್ನು ಆ ಮುದುಕಿ ಒಂದು ಕೀಲಿಯಿಂದ ಮಾಡಿದ್ದಳು. ಅವಳ ಕಾಲಿಗೆ ಬೀಳಬೇಕೆನ್ನಿಸಿತು, ನಡು ಬಿಡಲಿಲ್ಲ.

ಐತವಾರ ನಾನು ಸಭೆಗೆ ಹೋಗಲೇಬೇಕಾಯಿತು. ಗುಣವಾದವನು ಮನೆಯಲ್ಲಿ ಮಲಗಿದ್ದರೆ ಹೇಗೆ? ಎಸ್ತೇರಮ್ಮ ನಡುವಿಗೆ ಹಳೆ ಸೀರೆ ಬಿಗಿದು ಕಟ್ಟಿ, ಮೇಲೆ ಶೇರವಾನಿ ತೊಡಿಸಿದಳು. ಸೆಟೆದು ನಡೆದೆ. ಅಷ್ಟು ಸೆಟೆದು ನಡೆದದ್ದನ್ನು ಯಾರೂ ನೋಡಿರಲಿಲ್ಲವಾದ್ದರಿಂದ ಪವಾಡ ಇನ್ನಷ್ಟು ಗಟ್ಟಿಯಾಯಿತು. ಸಾಕ್ಷಿ ಹೇಳು ಎಂದರು. ಖರೆ ಹೇಳಿದರೆ ರೂತಾಯಿಯ ಮಾನ ಹೋಗುತ್ತದೆ, ಮೇಲೆ ಇಪ್ಪತ್ತು ಮಂದಿ ಸುಣ್ಣ ಹೊಡೆಯಲು ಬರುತ್ತಾರೆ. ಎದ್ದು ನಿಂತು, “ನಡೀತು” ಎಂದಷ್ಟೇ ಹೇಳಿದೆ. ಹೆಂಗಸರ ಸಾಲಿನಲ್ಲಿ ರೂತಾಯಿ ತಲೆ ತಗ್ಗಿಸಿ ಕೂತಿದ್ದಳು.

ಉಪದೇಶಿಗಳು ಕಣ್ಣೊರೆಸಿಕೊಂಡು ಎದ್ದರು. ಇಂಥ ಪವಾಡ ನಡೆದ ಮನೆಯಲ್ಲಿ ಸಭೆಯೆಲ್ಲ ಕೂಡಿ ಸ್ತೋತ್ರದ ಊಟ ಮಾಡುವುದು ಯೋಗ್ಯ, ಬರುವ ಶುಕ್ರವಾರ ಸೀಮನಪ್ಪನ ಮನೆಯಲ್ಲಿ, ಒಪ್ಪಿದವರು ಕೈ ಎತ್ತಿರಿ ಎಂದರು. ಮೊದಲು ಎದ್ದ ಕೈ ಬಾಳೆಗೊನೆ ಹೊತ್ತು ಗಟ್ಟಿಯಾದದ್ದು. ನಾನು ಅವಳ ಕಡೆ ನೋಡಿದೆ. “ಮನಿ ನಿಂದ ತಮ್ಮಾ, ತೀರ್ಮಾನ ಸಭಾದ್ದು” ಎಂದಳು ರೂತಾಯಿ, ಬಹಳ ಪ್ರೀತಿಯಿಂದ.

“ವಿರೋಧ ಯಾರದಾದರೂ ಅದ ಏನು?” ಎಂದರು ಉಪದೇಶಿಗಳು. ನಾನು ಕೈ ಎತ್ತಲು ನೋಡಿದೆ. ಎದೆಯ ಮಟ್ಟಕ್ಕೆ ಬರುವಷ್ಟರಲ್ಲಿ ನಡುವಿನಲ್ಲಿ ಛಳಕು ಹೊಡೆಯಿತು. ದೇವರೇ ಗುಣಮಾಡಿದ ಮನುಷ್ಯ ನಾಲ್ಕು ಮಂದಿಯೆದುರು ಅಯ್ಯೋ ಎನ್ನುವುದಾದರೂ ಹೇಗೆ? ಎತ್ತಿದ ಕೈಯನ್ನು ಎದೆಯ ಮೇಲೇ ಇಟ್ಟುಕೊಂಡು ಕಣ್ಣು ಮುಚ್ಚಿದೆ. ಸೀಮನಪ್ಪನಿಗೆ ಆನಂದದಿಂದ ಮಾತೇ ಹೊರಡುತ್ತಿಲ್ಲ, ಸರ್ವಾನುಮತ ಎಂದರು ಉಪದೇಶಿಗಳು.