ಎಡತೋಳಿಗೆ ಕಳೆದ ಮೂರು ಅಂಕ

ಯಾರಾದರೂ ಎದುರಿಗೆ ಬಂದು ನಿಂತರೆ ನನ್ನ ಕಣ್ಣು ಮೊದಲು ಹೋಗುವುದು ಅವರ ಹೆಗಲಿನ ಹೊಲಿಗೆಯ ಮೇಲೆ. ಮುಖ ಆಮೇಲೆ. ಇದು ಒಳ್ಳೆಯ ಗುಣವೇನೂ ಅಲ್ಲವೆಂದು ಗೊತ್ತು. ಆದರೆ ಬಸ್ರೂರಿನಲ್ಲಿ ಇಪ್ಪತ್ತು ವರ್ಷ ಹೆಂಗಸರ ರವಿಕೆ ಹೊಲಿದವಳಿಗೆ ಬೇರೆ ಗುಣ ಎಲ್ಲಿಂದ ಬರಬೇಕು? ಮದುಮಗಳಿಗೆ ಅಕ್ಷತೆ ಹಾಕುವಾಗಲೂ ನಾನು ಅವಳ ತೋಳಿನ ಅಂಚನ್ನೇ ನೋಡುತ್ತಿರುತ್ತೇನೆ. ಒಮ್ಮೆ ಸಾವಿನ ಮನೆಯಲ್ಲಿ ಅಳುತ್ತಿದ್ದವಳೊಬ್ಬಳನ್ನು ತಬ್ಬಿಕೊಂಡು ಸಮಾಧಾನ ಹೇಳುತ್ತಾ, ಇವಳಿಗೆ ಕಂಕುಳಲ್ಲಿ ಅರ್ಧ ಇಂಚು ಬಿಡಿಸಬೇಕು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಇಂಥ ನನ್ನನ್ನು ಕರೆದು, ಊರಿನ ಹೆಂಗಸರಲ್ಲಿ ಯಾರು ಚಂದ ಉಟ್ಟಿದ್ದಾರೆ ಎಂದು ತೀರ್ಪು ಕೊಡಲು ಕೂರಿಸಿದರು. ತಪ್ಪು ಕರೆದವರದೋ ಕೂತವಳದೋ, ಇಷ್ಟು ವರ್ಷವಾದರೂ ನನಗೆ ಸರಿಯಾಗಿ ತೀರ್ಮಾನವಾಗಿಲ್ಲ.

ಇದಕ್ಕೆಲ್ಲ ಮೂಲ ಸುಧಾಕರಣ್ಣ. ಮುಂಬಯಿಯಲ್ಲಿ ಹೋಟೆಲು ಇಟ್ಟವರು, ವರ್ಷಕ್ಕೊಮ್ಮೆ ತಮ್ಮ ಮನೆತನದ ಗದ್ದೆಯಲ್ಲಿ ನಡೆಯುವ ಕಂಬಳಕ್ಕೆ ತಪ್ಪದೆ ಊರಿಗೆ ಬರುವವರು. ಮೊಬೈಲು ಫೋನು ಊರಿನಲ್ಲಿ ಅಲ್ಲೊಬ್ಬರ ಇಲ್ಲೊಬ್ಬರ ಕೈಯಲ್ಲಿ ಕಾಣತೊಡಗಿದ್ದ ಕಾಲ ಅದು. ಯಾರೋ ಗಿರಾಕಿ ಅವರನ್ನು ಮುಂಬಯಿಯ ಕುದುರೆ ರೇಸಿಗೆ ಕರೆದುಕೊಂಡು ಹೋಗಿದ್ದರಂತೆ. ಅಲ್ಲಿ ಹೆಂಗಸರು ಮೊರದಷ್ಟು ಅಗಲದ ಟೋಪಿ ಹಾಕಿಕೊಂಡು ಬರುತ್ತಾರೆ, ಅವರಲ್ಲಿ ಚಂದದ ಉಡುಪು ಯಾರದೆಂದು ನೋಡಿ ಬಹುಮಾನ ಕೊಡುತ್ತಾರೆ. ಇದನ್ನು ಕಂಡು ಬಂದವರೇ ನಮ್ಮ ಕಂಬಳಕ್ಕೂ ಅಂಥದೊಂದು ಸ್ಪರ್ಧೆ ಇರಲಿ ಎಂದು ಹಟ ಹಿಡಿದರು. ಕಂಬಳ ಸಮಿತಿಯಲ್ಲಿದ್ದ ನಿವೃತ್ತ ಹೆಡ್‌ಮಾಸ್ತರರು, "ಅಲ್ಲ ಸುಧಾಕರ, ನೀ ಕುದ್ರಿ ಓಡುದ್ ಕಾಂಬುಕೆ ಹೋದ್ಯಾ, ಹೆಂಗ್ಸ್ರ್ ಟೊಪ್ಪಿ ಕಾಂಬುಕೆ ಹೋದ್ಯಾ?" ಎಂದು ಕೇಳಿದರಂತೆ. "ಕುದ್ರಿ ಓಡುದ್ ಎರಡೇ ನಿಮಿಷ ಮಾಷ್ಟ್ರೆ. ಉಳ್ದ ಹೊತ್ತ್ ಎಂತ ಮಾಡುದ್?" ಎಂದರಂತೆ ಸುಧಾಕರಣ್ಣ. ಮಾತಿನಲ್ಲಿ ಸತ್ಯವಿತ್ತು. ನಮ್ಮಲ್ಲೂ ಒಂದು ಜೋಡಿ ಕೋಣ ಓಡಿ ಇನ್ನೊಂದು ಜೋಡಿ ಇಳಿಯುವುದರೊಳಗೆ ಜನ ಚರುಮುರಿ ತಿಂದು ಮುಗಿಸಿ, ಇನ್ನೊಂದು ಪೊಟ್ಟಣ ಕಟ್ಟಿಸಿಕೊಂಡು ಬರುತ್ತಾರೆ.

ಮೊದಲ ವರ್ಷ ತೀರ್ಪುಗಾರರಾಗಿ ಕೂತವರು ಸುಧಾಕರಣ್ಣನ ಇಬ್ಬರು ಮುಂಬಯಿ ಸ್ನೇಹಿತರು. ಬಹುಮಾನ ಬಂದದ್ದು ಸುಧಾಕರಣ್ಣನ ಅತ್ತಿಗೆಗೆ. ಆಕೆ ನಿಜವಾಗಿ ಚೆನ್ನಾಗಿಯೇ ಉಟ್ಟಿದ್ದರು. ಆದರೂ ಊರಿಗೆ ಮುಂದಿನ ಮಳೆಗಾಲದ ತನಕ ಅದೇ ಮಾತು. ಆದ್ದರಿಂದ ಎರಡನೆಯ ವರ್ಷ ನ್ಯಾಯವಾಗಿ ನಡೆಯಬೇಕೆಂದು, ಬಟ್ಟೆಯ ವಿಷಯ ತಿಳಿದವರೊಬ್ಬರು ಇರಬೇಕೆಂದು, ಸುಧಾಕರಣ್ಣನೂ ಮಾಸ್ತರರೂ ನನ್ನ ಅಂಗಡಿಗೆ ಬಂದರು. ಈ ಸಲ ತೀರ್ಪಿಗೆ ಕೂರುವವರು ಅವರಿಬ್ಬರು, ಜೊತೆಗೆ ಮೂರನೆಯವಳು ನಾನು.

"ಹ್ವಾಯ್ ಗಿರಿಜಕ್ಕ, ನಿಮ್ಗ್ ಗೊತ್ತಿದ್ದಷ್ಟ್ ಮತ್ಯಾರಿಗ್ ಗೊತ್ತಿತ್ತ್?" ಎಂದರು ಸುಧಾಕರಣ್ಣ.

"ಹೆಸ್ರ್ ಕೊಟ್ಟದ್ದ್ ಹನ್ನೊಂದ್ ಜನ. ಅದ್ರಗೆ ಎಂಟ್ ಜನ್ರ ರವ್ಕಿ ಹೊಲುದ್ ನಾನೇ," ಎಂದೆ.

"ಹಂಗಾರೆ ಎಂಟೂ ಜನ ನಿಮ್ಗ್ ಒಂದೇ ಅಲ್ದಾ. ಅದೇ ನ್ಯಾಯ."

ಮಾಸ್ತರರು ತಲೆಯಾಡಿಸಿದರು. ನಾನೂ ಆಡಿಸಿದೆ. ಗೌರವ ಮನೆ ಬಾಗಿಲಿಗೆ ಬಂದಾಗ ತರ್ಕವನ್ನು ಬಹಳ ಹೊತ್ತು ನಿಲ್ಲಿಸಿಕೊಳ್ಳಲು ನನಗೆ ಬರುವುದಿಲ್ಲ.

ಆ ಎಂಟು ಜನರಲ್ಲಿ ಒಬ್ಬಳು ಜಲಜ. ನನ್ನ ಅಂಗಡಿಯ ಪಕ್ಕದ ದಿನಸಿ ಅಂಗಡಿ ಅವಳದು ಮತ್ತು ಅವಳ ಗಂಡನದು. ಹದಿನೈದು ವರ್ಷದಿಂದ ಮಧ್ಯಾಹ್ನ ಅವಳ ಮನೆಯ ಪಲ್ಯ ನನ್ನ ಬುತ್ತಿಗೂ ನನ್ನ ಮನೆಯ ಸಾರು ಅವಳ ಬುತ್ತಿಗೂ ದಾಟುತ್ತಿತ್ತು. ಜಲಜ ಹುಟ್ಟಿದ ಮೇಲೆ ಒಂದೇ ಒಂದು ಬಹುಮಾನ ಕಂಡವಳಲ್ಲ. ಶಾಲೆಯಲ್ಲಿ ಚಮಚದಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಓಡುವ ಆಟದಲ್ಲಿ ಗೆರೆ ಮುಟ್ಟುವ ಮೊದಲು ಹಣ್ಣು ಬಿದ್ದದ್ದನ್ನು ಅವಳು ನಲವತ್ತೆರಡನೆಯ ವಯಸ್ಸಿನಲ್ಲೂ ಹೇಳುತ್ತಿದ್ದಳು. ಕುಂಕುಮ ಬಣ್ಣದ ರೇಷ್ಮೆ ಸೀರೆಯೊಂದನ್ನು ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದಳು. ಅದರ ರವಿಕೆ ತುಂಡನ್ನು ತಂದು ಕೊಟ್ಟು, "ಈ ಸಲ ಒಂದ್ ಚಂದ ಮಾಡಿ ಹೊಲ್ದ್ ಕೊಡ್ ಗಿರ್ಜಾ," ಎಂದಳು. ಬೇರೇನೂ ಕೇಳಲಿಲ್ಲ.

ಕಂಬಳದ ಹಿಂದಿನ ವಾರ ನನ್ನ ಮೆಷಿನ್ನಿಗೆ ಬಿಡುವಿರಲಿಲ್ಲ. ಗೆಳತಿಯ ಕೆಲಸ ತಾನೇ ಎಂದು ಜಲಜಳದನ್ನು ಕೊನೆಗೆ ಇಟ್ಟುಕೊಂಡೆ. ಅವಸರದಲ್ಲಿ ಎರಡು ತೋಳನ್ನೂ ಒಂದೇ ಬದಿಗೆ ಕತ್ತರಿಸಿಬಿಟ್ಟೆ. ರವಿಕೆಯ ತೋಳಿಗೆ ಮುಂಭಾಗದಲ್ಲಿ ಸ್ವಲ್ಪ ಆಳವಾಗಿ ತೆಗೆಯಬೇಕು. ಎರಡೂ ಬಲದ್ದಾದರೆ ಎಡದ್ದು ಹಿಂದುಮುಂದಾಗುತ್ತದೆ. ಇನ್ನೊಂದು ತೋಳಿಗೆ ಬಟ್ಟೆ ಇರಲಿಲ್ಲ. ಎಳೆದು, ಇಸ್ತ್ರಿ ಹಾಕಿ, ಹೇಗೋ ಕೂರಿಸಿದೆ. ಕೈ ಎತ್ತಿದರೆ ಹೆಗಲ ಹತ್ತಿರ ಒಂದು ಸಣ್ಣ ನೆರಿಗೆ ಬೀಳುತ್ತಿತ್ತು, ಅಷ್ಟೇ. ಜಲಜ ಕನ್ನಡಿಯ ಮುಂದೆ ಎರಡು ಸುತ್ತು ತಿರುಗಿ ಬಹಳ ಸಂತೋಷಪಟ್ಟಳು. ಅವಳು ಕೈ ಎತ್ತುವ ಮೊದಲೇ ನಾನು ಬಿಚ್ಚಿಸಿ, ಮಡಿಸಿ ಕೊಟ್ಟೆ.

ಸ್ಪರ್ಧೆಯ ದಿನ ಹೆಂಗಸರು ಗದ್ದೆಯ ಅಂಚಿನ ಮೇಲೆ ಒಬ್ಬೊಬ್ಬರಾಗಿ ನಡೆದು ಚಪ್ಪರದ ಎದುರು ಬಂದು ನಿಲ್ಲಬೇಕಿತ್ತು. ಹತ್ತು ಅಂಕಕ್ಕೆ ಅಂಕ ಹಾಕುವುದು. ಕುರ್ಚಿಯಲ್ಲಿ ಕೂತು ಪೆನ್ಸಿಲ್ ಹಿಡಿದ ಮೇಲೆ ನನಗೆ ನನ್ನ ಕಷ್ಟ ಗೊತ್ತಾಯಿತು. ಎಲ್ಲರೂ ಬಣ್ಣ ನೋಡುತ್ತಿದ್ದಾರೆ, ನೆರಿಗೆ ನೋಡುತ್ತಿದ್ದಾರೆ, ಮುಡಿದ ಹೂವು ನೋಡುತ್ತಿದ್ದಾರೆ. ನನಗೆ ಕಾಣುತ್ತಿದ್ದದ್ದು ನನ್ನದೇ ಹೊಲಿಗೆಯ ಕಳ್ಳತನಗಳು. ಒಬ್ಬಳ ಕುತ್ತಿಗೆ ಪಟ್ಟಿ ಒಂದು ಬದಿಗೆ ಜಾಸ್ತಿ ಇಳಿದಿದೆ, ಇನ್ನೊಬ್ಬಳ ಬೆನ್ನಿನಲ್ಲಿ ಹೊಲಿಗೆ ಸೊಟ್ಟ ಹೋಗಿದೆ. ಐದು, ಆರು, ಐದು ಎಂದು ಬರೆಯುತ್ತಾ ಹೋದೆ. ಜಲಜ ಬಂದಳು. ನಿಜ ಹೇಳಬೇಕೆಂದರೆ ಅಂದು ಅವಳಷ್ಟು ಚಂದ ಯಾರೂ ಇರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಅವಳು ಕೈ ಎತ್ತಿ ಮುಗಿದಳು. ಎಡಹೆಗಲ ಮೇಲೆ ನೆರಿಗೆ ಬಿತ್ತು. ಒಂಬತ್ತು ಕೊಡಬೇಕೆಂದಿದ್ದವಳು ಆರು ಕೊಟ್ಟೆ.

ಕೊನೆಗೆ ಬಂದವರು ಬ್ರಹ್ಮಾವರದ ಒಬ್ಬ ಬ್ಯಾಂಕ್ ಮ್ಯಾನೇಜರರ ಹೆಂಡತಿ. ಕಾರಿನಲ್ಲಿ ಆಗಷ್ಟೇ ಬಂದು ಇಳಿದದ್ದರಿಂದ ಉಳಿದವರ ಮೇಲೆ ಹಾರಿದ್ದ ಕೋಣದ ಕೆಸರು ಅವರಿಗೆ ತಾಗಿರಲಿಲ್ಲ. ರವಿಕೆ ಮಂಗಳೂರಿನಲ್ಲಿ ಹೊಲಿಸಿದ್ದು. ಅದರ ಒಳಗಿನ ಕಥೆ ನನಗೆ ಗೊತ್ತಿಲ್ಲದ್ದರಿಂದ ಒಂಬತ್ತು ಕೊಟ್ಟೆ.

ಹಿಂದಿನ ವರ್ಷದ ಮಾತು ಮತ್ತೆ ಬರಬಾರದೆಂದು ಮಾಸ್ತರರು ಪ್ರತಿಯೊಬ್ಬ ತೀರ್ಪುಗಾರರ ಅಂಕವನ್ನೂ ಮೈಕಿನಲ್ಲಿ ಓದಿದರು. ಮ್ಯಾನೇಜರರ ಹೆಂಡತಿಗೆ ಎಂಟು, ಎಂಟು, ಒಂಬತ್ತು. ಜಲಜಳಿಗೆ ಒಂಬತ್ತು, ಒಂಬತ್ತು, "ಗಿರಿಜಮ್ಮನವರು ಆರು." ಒಂದೇ ಅಂಕದಲ್ಲಿ ಹೋಯಿತು. ಎರಡನೆಯ ಬಹುಮಾನ ಎಂಬುದು ಆ ವರ್ಷ ಇರಲಿಲ್ಲ. ಜಲಜ ನನ್ನ ಕಡೆ ನೋಡಲಿಲ್ಲ. ಗಂಡನ ಸ್ಕೂಟರಿನ ಹಿಂದೆ ಕೂತು ಸೆರಗನ್ನು ಮಡಿಲಿಗೆ ಎಳೆದುಕೊಂಡು ಹೋದಳು.

ಮಾರನೆಯ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗಲೇ ಬಂದು ನಿಂತಳು.

"ಗಿರ್ಜಾ, ಆರ್ ಎಂತಕ್ ಕೊಟ್ಟದ್ದ್?"

"ಎಡ್ಗೈ ತೋಳ್ ಸರಿ ಕೂತಿರ್ಲಿಲ್ಲೆ ಜಲ್ಜ. ನೆರಿ ಬೀಳ್ತಿತ್ತ್."

"ಹೊಲ್ದದ್ದ್ ಯಾರ್?"

"ನಾನ್."

"ಹಂಗಾರೆ ತಪ್ಪ್ ನಿಂದ್, ಮಾರ್ಕ್ ಹೋದ್ದ್ ನಂದ್," ಎಂದು ಹೇಳಿ ಅವಳು ತನ್ನ ಅಂಗಡಿಗೆ ಹೋದಳು. ಧ್ವನಿ ಎತ್ತಲಿಲ್ಲ. ಎತ್ತಿದ್ದರೆ ನನಗೆ ಸ್ವಲ್ಪ ಸಹಾಯವಾಗುತ್ತಿತ್ತು.

ಆ ಮಧ್ಯಾಹ್ನದಿಂದ ಪಲ್ಯ ಬರುವುದು ನಿಂತಿತು. ಉಳಿದ ಏಳು ಜನ ಒಬ್ಬೊಬ್ಬರಾಗಿ ರವಿಕೆ ಹಿಡಿದು ಬಂದರು. "ನಂಗ್ ಐದ್ ಕೊಟ್ಟದ್ದಲ್ದಾ ಗಿರಿಜಕ್ಕ, ಉಳ್ದ ಐದ್ ಎಲ್ಲಿ ಹೋಯ್ತ್ ಅಂದ್ ಕಂಡ್ ಬಿಚ್ಚಿ ಹೊಲ್ದ್ ಕೊಡಿ," ಎಂದರು. ತಕರಾರು ಮಾಡದೆ ಬಿಚ್ಚಿ ಹೊಲಿದೆ. ನಮ್ಮ ಯಜಮಾನರು ಬಸ್ಸಿನ ಕಂಡಕ್ಟರು. ಕೈಯೆತ್ತಿದಲ್ಲಿ ಬಸ್ಸು ನಿಲ್ಲಿಸಿ ಎಲ್ಲರನ್ನೂ ಹತ್ತಿಸಿಕೊಳ್ಳುವುದೇ ನ್ಯಾಯ ಎಂದು ತಿಳಿದವರು. ರಾತ್ರಿ ಊಟಕ್ಕೆ ಕೂತಾಗ ನಾನು ನ್ಯಾಯ ಎಂದರೇನು, ಗೆಳೆತನ ನೋಡಿ ಅಂಕ ಕೊಡಬಹುದೇ ಎಂದೆಲ್ಲ ವಿವರಿಸುವುದನ್ನು ಕೇಳಿ, "ನಿಂಗೆ ಬೇಕಾದ್ದ್ ನ್ಯಾಯ ಅಲ್ಲ. ನಾಕ್ ಜನ ನಿನ್ನನ್ನ ನ್ಯಾಯಸ್ಥೆ ಅಂಬುದ್ ಬೇಕಿತ್ತ್," ಎಂದರು. ನನಗೆ ಸಿಟ್ಟು ಬಂತು. ಸುಳ್ಳಾಗಿದ್ದರೆ ಅಷ್ಟು ಬರುತ್ತಿರಲಿಲ್ಲ. 'ಗಿರಿಜ ಸ್ವಂತ ಗೆಳತಿಯ ಮುಖವನ್ನೂ ನೋಡಲಿಲ್ಲ' ಎಂದು ಊರು ಹೇಳಲಿ ಎಂದು ನಾನು ಕಾದಿದ್ದು ನಿಜ. ಊರು ಅದನ್ನು ಬಿಟ್ಟು ಬೇರೆಲ್ಲ ಹೇಳಿತು.

ಜಲಜ ಆರೇಳು ತಿಂಗಳು ಕುಂದಾಪುರದ ಒಬ್ಬ ಟೈಲರ್ ಹತ್ತಿರ ಹೊಲಿಸಿಕೊಂಡಳು. ಮಳೆ ಜೋರಾಗಿದ್ದ ಒಂದು ದಿನ, ಗಿರಾಕಿ ಇಲ್ಲದ ಹೊತ್ತಿನಲ್ಲಿ, ಒಂದು ರವಿಕೆ ತಂದು ನನ್ನ ಮೆಷಿನ್ನಿನ ಮೇಲೆ ಇಟ್ಟಳು. "ಕಂಕ್ಳಗೆ ಬಿಗಿ ಆತ್ತ್. ಬಿಡ್ಸಿ ಕೊಡ್. ಅಲ್ಲಿ ಸರಿ ಹೊಲುದಿಲ್ಲೆ ಅಂದ್ ಮಾತ್ರ ಹೇಳ್ಬೇಡ."

"ಹೇಳುದಿಲ್ಲೆ," ಎಂದೆ.

ಒಳಗೆ ನೋಡಿದರೆ ಬಿಡಿಸಲು ಬಟ್ಟೆಯನ್ನೇ ಬಿಟ್ಟಿರಲಿಲ್ಲ. ಅದೇ ಬಣ್ಣದ ತುಂಡು ಹುಡುಕಿ ಪಟ್ಟಿ ಕೊಟ್ಟು ಹೊಲಿದೆ. ಹೇಳಬಾರದ್ದನ್ನು ಹೇಳದೆ ಇರಲು ಆ ಅರ್ಧ ಗಂಟೆ ನಾನು ಪಟ್ಟ ಕಷ್ಟ ಸಣ್ಣದಲ್ಲ. ಅಷ್ಟು ಹೊತ್ತೂ ಅವಳು ಸ್ಟೂಲಿನ ಮೇಲೆ ಕೂತು, ಮಳೆ ನೋಡುತ್ತಾ, ಅಕ್ಕಿಯ ಮೂಟೆಗೆ ನೀರು ತಾಗಿದ ಕಥೆ ಹೇಳಿದಳು. ಮಾರನೆಯ ಮಧ್ಯಾಹ್ನ ಹೀರೇಕಾಯಿ ಪಲ್ಯ ಬಂತು.

ಮೂರನೆಯ ವರ್ಷ ಸುಧಾಕರಣ್ಣನಿಗೆ ಇನ್ನೊಂದು ಯೋಚನೆ ಹೊಳೆಯಿತು: ಅನ್ಯಾಯ ಆದವರಿಗೇ ನ್ಯಾಯದ ಬೆಲೆ ಗೊತ್ತು. ನನ್ನ ಕುರ್ಚಿಯಲ್ಲಿ ಜಲಜಳನ್ನು ಕೂರಿಸಿದರು. ಅವಳು ನನ್ನನ್ನು ಕೇಳದೆ ನನ್ನ ಹೆಸರನ್ನು ಸ್ಪರ್ಧೆಗೆ ಬರೆಸಿದಳು. ಹೋಗದಿದ್ದರೆ ಮತ್ತೆ ಪಲ್ಯ ನಿಂತೀತೆಂಬ ಹೆದರಿಕೆಯಿಂದ ಹೋದೆ. ಇದ್ದದ್ದರಲ್ಲಿ ಒಳ್ಳೆಯದೆಂದು ಒಂದು ಹಸಿರು ಸೀರೆ ಉಟ್ಟು, ಗದ್ದೆಯ ಅಂಚಿನಲ್ಲಿ ಬೀಳದೆ ನಡೆದೆ. ಅಷ್ಟೇ ನನ್ನ ಸಾಧನೆ. ಸುಧಾಕರಣ್ಣ ಏಳು ಕೊಟ್ಟರು, ಮಾಸ್ತರರು ಏಳು ಕೊಟ್ಟರು. ಜಲಜ ಮಾಸ್ತರರ ಕೈಯಿಂದ ಮೈಕು ತೆಗೆದುಕೊಂಡು, "ಇವ್ಳ್ ನನ್ನ ದೋಸ್ತಿ. ಇವ್ಳ್ ಎಂತ ಉಟ್ರೂ ನಂಗ್ ಚಂದವೇ. ಹತ್ತ್," ಎಂದಳು.

ಗದ್ದೆಯ ಸುತ್ತ ನಿಂತವರೆಲ್ಲ ನಕ್ಕರು. ಪಕ್ಷಪಾತ ಎಂದು ಒಬ್ಬರೂ ಗೊಣಗಲಿಲ್ಲ. ಆ ವರ್ಷ ಹೊಸದಾಗಿ ಇಟ್ಟಿದ್ದ ಎರಡನೆಯ ಬಹುಮಾನ, ಮುಚ್ಚಳವಿದ್ದ ದೊಡ್ಡ ಸ್ಟೀಲಿನ ಡಬ್ಬಿ, ನನ್ನ ಕೈಗೆ ಬಂತು. ನನಗಿಂತ ಎಷ್ಟೋ ಚಂದ ಉಟ್ಟಿದ್ದ ಶಿರೂರಿನ ಟೀಚರೊಬ್ಬರು ಪಕ್ಕದಲ್ಲೇ ನಿಂತು ಚಪ್ಪಾಳೆ ತಟ್ಟಿದರು.

ಮಾಸ್ತರರು ಪದ್ಧತಿಯಂತೆ ಮೈಕಿನಲ್ಲಿ, "ತೀರ್ಪಿನ ಬಗ್ಗೆ ಯಾರಿಗಾದರೂ ಆಕ್ಷೇಪಣೆ ಇದ್ದರೆ ಈಗಲೇ ಹೇಳಬಹುದು," ಎಂದರು. ನ್ಯಾಯದ ವಿಷಯದಲ್ಲಿ ವರ್ಷವಿಡೀ ಮನೆಯಲ್ಲಿ ಭಾಷಣ ಮಾಡಿದವಳು ನಾನು. ಆಕ್ಷೇಪಣೆ ನಾಲಗೆಯ ತುದಿಯಲ್ಲೇ ಇತ್ತು. ಡಬ್ಬಿಯನ್ನು ತಿರುಗಿಸಿ ನೋಡಿದೆ. ಎರಡು ಸೇರು ಅಕ್ಕಿ ಆರಾಮವಾಗಿ ಹಿಡಿಯುತ್ತದೆ, ಮುಚ್ಚಳವೂ ಗಟ್ಟಿಯಾಗಿ ಕೂರುತ್ತದೆ. ಟೀಚರ ಕಡೆ ನೋಡದೆ, ಸೆರಗಿನ ಮರೆಯಲ್ಲಿ ಅದನ್ನು ಚೀಲಕ್ಕೆ ಹಾಕಿಕೊಂಡೆ.